ಬರಬಾರದ ಹೊತ್ತಿನಲ್ಲಿ ಬಂದ ನೀರು

ನೀರು ಹಿಂದಕ್ಕೆ ಹರಿಯುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮೂರಿನಲ್ಲಿ ನಗುತ್ತಿದ್ದರು. ಮೇಲಿನ ಬೀದಿಯವರು ಈಗಲೂ ನಗುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗುವುದಿಲ್ಲ. ಕರೆಂಟು ಹೋಯಿತೆಂದರೆ ನಾನು ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಅಂಗಳದ ನಲ್ಲಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಸ್ವಲ್ಪ ಹೊತ್ತಿಗೆ ಪೈಪಿನ ಒಳಗಿಂದ ಒಂದು ಸದ್ದು ಬರುತ್ತದೆ, ಹಲ್ಲಿಲ್ಲದವರು ಗಂಜಿ ಎಳೆದುಕೊಳ್ಳುವ ಹಾಗೆ. ಪಂಪು ನಿಂತು ಟ್ಯಾಂಕಿನ ನೀರೂ ನಿಂತಿದೆ, ಪೈಪು ಖಾಲಿಯಾಗುತ್ತಿದೆ, ಎಲ್ಲಿಂದಲೋ ಏನನ್ನೋ ಎಳೆದುಕೊಳ್ಳುತ್ತಿದೆ ಎಂದು ಅದರ ಅರ್ಥ. ಎಲ್ಲಿಂದ, ಏನನ್ನು ಎಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಮೈ ಜುಮ್ಮೆನ್ನುವುದು ಅದಕ್ಕೇ.

ನಮ್ಮದು ರಾವಂದೂರು ಹೋಬಳಿಯ ಒಂದು ಹಳ್ಳಿ. ಹೊಗೆಸೊಪ್ಪು ಬೆಳೆಯುವವರು ನಾವು. ಯುಗಾದಿ ಕಳೆಯಿತೆಂದರೆ ಎಲ್ಲರ ಹಿತ್ತಲಲ್ಲೂ ಸಸಿ ಮಡಿ, ಎಲ್ಲರ ಕೈಯಲ್ಲೂ ಔಷಧಿ ಡಬ್ಬ. ಸಸಿಗೆ ಹುಳ ಬೀಳಬಾರದು, ಬುಡ ಕೊಳೆಯಬಾರದು ಎಂದು ಹೊಡೆದದ್ದೇ ಹೊಡೆದದ್ದು. ಆ ಕಾಲದಲ್ಲಿ ಇಡೀ ಊರೇ ಔಷಧಿಯ ವಾಸನೆ ಹೊಡೆಯುತ್ತದೆ. ಒಗೆದ ಸೀರೆಯಲ್ಲೂ ಅದೇ, ಉಪ್ಪಿನ ಭರಣಿಯ ಮುಚ್ಚಳದಲ್ಲೂ ಅದೇ. ಮೂಗು ನಂಬಿಕೊಂಡು ಬದುಕುವ ಕಾಲವಲ್ಲ ಅದು.

ಮನೆಮನೆಗೆ ನಲ್ಲಿ ಬಂದ ಮೇಲೆ ಪಂಚಾಯಿತಿಯವರು ಶಾಲೆಯ ಮುಂದೆ ಸಭೆ ಕರೆದರು. ಒಬ್ಬ ಹುಡುಗು ಮುಖದ ಎಂಜಿನಿಯರ್ ಬಂದು ನಿಯಮ ಹೇಳಿದರು. ನಲ್ಲಿ ಹಾಕಿಸಿಕೊಂಡವರೆಲ್ಲ ತಮ್ಮ ಪೈಪಿಗೆ ಒಂದು ವಾಲ್ವು ಕೂರಿಸಬೇಕು. ಅದು ನೀರನ್ನು ಮನೆಯ ಕಡೆಗೆ ಬರಲು ಬಿಡುತ್ತದೆ, ಮನೆಯಿಂದ ಬೀದಿಯ ಕಡೆಗೆ ಹೋಗಲು ಬಿಡುವುದಿಲ್ಲ. ಡ್ರಮ್ಮಿಗೋ ತೊಟ್ಟಿಗೋ ನೀರು ಬಿಡುವಾಗ ಪೈಪಿನ ತುದಿ ನೀರಿನಲ್ಲಿ ಮುಳುಗಬಾರದು, ಒಂದು ಗೇಣು ಮೇಲೆಯೇ ಇರಬೇಕು. ಯಾಕೆಂದರೆ ಟ್ಯಾಂಕಿನಿಂದ ನೀರು ನಿಂತಾಗ ಪೈಪು ಸುಮ್ಮನಿರುವುದಿಲ್ಲ, ತುದಿ ಎಲ್ಲಿ ಮುಳುಗಿದೆಯೋ ಅಲ್ಲಿಂದ ಹೀರುತ್ತದೆ. ಹೀರಿದ್ದು ಇನ್ನೊಬ್ಬರ ನಲ್ಲಿಯಲ್ಲಿ ಬರುತ್ತದೆ.

ನನ್ನ ಗಂಡನ ಅಣ್ಣ, ನಮ್ಮ ಭಾವ, ಎದ್ದು ನಿಂತರು. ಸಭೆ ಎಂದರೆ ಅವರಿಗೆ ಬಾಯಿ ಕಡಿಯುತ್ತದೆ.

“ಏನ್ ಸಾ, ನೀರು ರಿವರ್ಸ್ ಗೇರ್ ಆಕ್ಕಂಡು ಓಯ್ತದಾ? ನಮ್ ತಾತನ ಕಾಲದಿಂದ ತಗ್ಗಿಗೇ ಅರೀತಾ ಅದೆ ಕಣ್ರೀ. ಓದ್ದೋರು ಬಂದ್ ಮ್ಯಾಲೆ ಅದ್ಕೂ ಬುದ್ಧಿ ಕೆಟ್ಟೋಯ್ತಾ?”

ಸಭೆಗೆ ಸಭೆಯೇ ಗೊಳ್ಳೆಂದಿತು. ಎಂಜಿನಿಯರ್ ಕೂಡ ನಕ್ಕುಬಿಟ್ಟರು. ನನಗೆ ರೇಗಿದ್ದು ಅವರ ಮೇಲೆ. ನಿಯಮ ಹೇಳಲು ಬಂದವರು ನಗಬಾರದು. ನಕ್ಕರೆ ಅದು ನಿಯಮವಾಗಿ ಉಳಿಯುತ್ತದೆಯೇ? ಎಲ್ಲರೂ ಕಾಫಿ ಕುಡಿದು, ರಿವರ್ಸ್ ಗೇರ್ ರಿವರ್ಸ್ ಗೇರ್ ಎಂದುಕೊಂಡು ಮನೆಗೆ ಹೋದರು.

ಈಗ ನಮ್ಮ ಮನೆಯ ವಿಷಯ ಹೇಳಬೇಕು. ಮಾವ ಕಟ್ಟಿಸಿದ್ದು ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಎದೆಮಟ್ಟದ ಗೋಡೆ ಎದ್ದಿತು. ದಿಬ್ಬದ ಕಡೆಯದು ಭಾವನಿಗೆ, ತಗ್ಗಿನ ಕಡೆಯದು ನಮಗೆ. ಅಂಗಳ ಎರಡಾಯಿತು, ಒಲೆ ಎರಡಾಯಿತು, ಹಬ್ಬದ ಹೋಳಿಗೆಯೂ ಎರಡು ಕಡೆ ಬೇಯತೊಡಗಿತು. ನಲ್ಲಿಯ ಪೈಪು ಮಾತ್ರ ಬೀದಿಯಿಂದ ಒಂದೇ ಬಂತು. ಗೋಡೆಯ ಬುಡದಲ್ಲಿ ಕವಲೊಡೆದು ಒಂದು ಅವರ ಕಡೆಗೆ, ಒಂದು ನಮ್ಮ ಕಡೆಗೆ ತಿರುಗಿತು. ಎರಡು ಹಾಕಿಸಿ ಎಂದು ನಾನು ಹೇಳಿದ್ದೆ. ಒಂದೇ ತಾಯಿ ಮಕ್ಕಳಿಗೆ ಎರಡು ಪೈಪು ಯಾಕೆ ಎಂದು ನಮ್ಮ ಅತ್ತೆ ಬಾಯಿ ಮುಚ್ಚಿಸಿದರು.

ಅತ್ತೆ ಇದ್ದದ್ದು ನಮ್ಮ ಜೊತೆ. ಜೀವ ಇದ್ದದ್ದು ಗೋಡೆಯ ಆಚೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ. ಭಾವ ಹೆಗ್ಗಣವಲ್ಲ, ಒಳ್ಳೆಯ ಮನುಷ್ಯರೇ. ಆದರೆ ಅತ್ತೆಯ ಕಣ್ಣಿಗೆ ಅವರು ಮಾಡಿದ್ದೇ ಸರಿ, ಆಡಿದ್ದೇ ವೇದ. ಮಾವ ತೀರಿಕೊಂಡ ಮೇಲೆ ಒಂದು ಪದ್ಧತಿ ಬೆಳೆದಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಅತ್ತೆಯ ಬಾಯಿಗೆ ಬೀಳುವ ಮೊದಲ ಗುಟುಕು ನೀರು ದೊಡ್ಡ ಮಗನ ಕೈಯದೇ ಆಗಬೇಕು. ಭಾವ ದಿನಾ ಗೋಡೆ ಬಳಸಿ ಬಂದು, ನಮ್ಮ ನಲ್ಲಿಯಲ್ಲೇ ಚೊಂಬು ತುಂಬಿ ಕೊಡುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರು. ಮುದ್ದೆ ತಿರುವಿ, ಸಾರು ಮಾಡಿ, ಬಟ್ಟೆ ಒಗೆದು ಸಾಯುತ್ತಿದ್ದವಳು ನಾನು, ಪುಣ್ಯವೆಲ್ಲ ಒಂದು ಚೊಂಬು ನೀರು ಕೊಟ್ಟವರಿಗೆ! ಎಷ್ಟೋ ಸಲ ಹೊಟ್ಟೆ ಉರಿದಿದೆ, ಸುಳ್ಳು ಯಾಕೆ ಹೇಳಲಿ.

ಆ ವರ್ಷ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. ಸಾಲಿಗ್ರಾಮಕ್ಕೆ ಕೊಟ್ಟ ಹುಡುಗಿ. ಹೆಣ್ಣು ಕೂಸು, ಮುಷ್ಟಿ ಬಿಗಿ ಹಿಡಿದುಕೊಂಡೇ ನಿದ್ದೆ ಮಾಡುತ್ತಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ನಮ್ಮಲ್ಲಿ ಮೊದಲು ಗಂಗೆ ಪೂಜೆ. ಬಾಣಂತಿ ಬಾವಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ತಾನೇ ಸೇದಿದ ಮೊದಲ ನೀರನ್ನು ಕುಡಿಯಬೇಕು. ಅದೇ ನೀರಲ್ಲಿ ಬೆರಳದ್ದಿ ಕೂಸಿನ ನಾಲಿಗೆಗೆ ಮುಟ್ಟಿಸಬೇಕು. ನನಗೂ ಹಾಗೇ ಮಾಡಿಸಿದ್ದರು. ಈಗ ಊರ ಬಾವಿಗೆ ಕಸ ತುಂಬಿ ಮುಚ್ಚಿದ್ದಾರೆ. ಹಾಗಾಗಿ ಗಂಗೆ ಎಂದರೆ ನಲ್ಲಿಯೇ. ಪ್ಲಾಸ್ಟಿಕ್ ತಿರುಪಿಗೆ ಅರಿಶಿನ ಹಚ್ಚಿ ಹೂವು ಸಿಕ್ಕಿಸುತ್ತೇವೆ. ತಿರುಗಿಸಿದ ತಕ್ಷಣ ಬರುವ ನೀರೇ ಮೊದಲ ನೀರು. ಅದನ್ನು ಚೆಲ್ಲುವ ಹಾಗಿಲ್ಲ, ಅದನ್ನೇ ಕುಡಿಯಬೇಕು.

ಭಾವನಿಗೆ ಔಷಧಿ ಕಲಸುವ ತಮ್ಮದೇ ಒಂದು ರೀತಿ ಇತ್ತು. ಅವರದೇನು ಬಂತು, ಊರಲ್ಲಿ ಮುಕ್ಕಾಲು ಪಾಲು ಜನ ಹಾಗೇ ಮಾಡುತ್ತಾರೆ. ಮೊದಲು ಖಾಲಿ ಡ್ರಮ್ಮಿಗೆ ಔಷಧಿ ಸುರಿಯುವುದು. ಆಮೇಲೆ ನಲ್ಲಿಯ ಪೈಪನ್ನು ಡ್ರಮ್ಮಿನ ತಳದ ತನಕ ಇಳಿಬಿಟ್ಟು ತಿರುಪು ತೆಗೆಯುವುದು. ನೀರು ತಳದಿಂದ ನುಗ್ಗಿ ಬಂದು ತಾನೇ ಕಲಕುತ್ತದೆ, ಕೋಲು ಹಿಡಿದು ತಿರುವುವ ಕೆಲಸವಿಲ್ಲ. ಎಂಜಿನಿಯರ್ ಹೇಳಿದ ಹಾಗೆ ಪೈಪು ಮೇಲೆತ್ತಿ ಹಿಡಿದರೆ ಕಲಕುವವರು ಯಾರು?

ಒಂದು ಬೆಳಿಗ್ಗೆ ನೀರು ಬರುತ್ತಿದ್ದ ಹೊತ್ತಲ್ಲೇ ಕರೆಂಟು ಹೋಯಿತು. ನಲ್ಲಿಯೂ ಸಣ್ಣಗಾಯಿತು. ಸ್ವಲ್ಪ ಹೊತ್ತಾದ ಮೇಲೆ ಭಾವನ ಹೆಂಡತಿ, ನಮ್ಮ ಅಕ್ಕ, ಗೋಡೆಯ ಮೇಲಿಂದ ತಲೆ ಹಾಕಿದರು.

“ಯಾರವ್ವ ನಮ್ ಡ್ರಮ್ಮಿಗೆ ಬಿಂದಿಗೆ ಅದ್ದಿದ್ದು? ಒಳಿಕೋಗಿ ಬರೋ ಅಷ್ಟ್ರಲ್ಲಿ ಅರ್ಧ ಆಗೋಗದೆ!”

“ಇಷದ್ ನೀರ ಕದ್ದು ನಾವೇನು ಪಾಯ್ಸ ಮಾಡ್ಕಂಡು ಕುಡೀತೀವಾ ಅಕ್ಕ?” ಎಂದೆ.

“ಅಂಗಾರೆ ಡ್ರಮ್ಮೇ ಕುಡ್ಕತ್ತಾ?”

“ತೂತಾಗಿರ್ಬೇಕು, ನೋಡಿ.”

ತೂತಾಗಿರಲಿಲ್ಲ. ಇಬ್ಬರೂ ಹೋಗಿ ನೋಡಿದೆವು. ಡ್ರಮ್ಮಿನ ಸುತ್ತ ನೆಲ ಒಣಗಿತ್ತು. ಒಳಗೆ ಬಿಳೀ ನೀರು ಅರ್ಧಕ್ಕೆ ಇಳಿದಿತ್ತು. ಎಲ್ಲಿಯವರೆಗೆ ತುಂಬಿತ್ತು ಎನ್ನುವುದಕ್ಕೆ ಸುತ್ತ ಒದ್ದೆಯ ಗೆರೆ ಹಾಗೇ ಉಳಿದಿತ್ತು. ಪೈಪು ತಳಕ್ಕೆ ಇಳಿಬಿದ್ದಿತ್ತು. ಅಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಏನೂ ತೋಚದೆ ನಾನು ವಾಪಸ್ಸು ಬಂದು ಪಾತ್ರೆ ತೊಳೆಯಲು ಕೂತೆ. ನಲ್ಲಿ ಇನ್ನೂ ಎಳೆಯಾಗಿ ಸುರಿಯುತ್ತಲೇ ಇತ್ತು. ಬಿಂದಿಗೆಯಲ್ಲಿ ಹಿಡಿದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು.

“ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರ್ದಿರ್ತಾನೆ, ಬುಡು,” ಎಂದರು ನನ್ನ ಗಂಡ.

ನಾನೂ ಬಿಟ್ಟೆ. ಆ ಬಿಂದಿಗೆಯನ್ನು ಬಚ್ಚಲಿಗೆ ಚೆಲ್ಲಿದೆ. ಮಧ್ಯಾಹ್ನ ಕೂಸಿನ ಬಟ್ಟೆ ಹಿಂಡುತ್ತಿದ್ದಾಗ ಒಂದಕ್ಕೊಂದು ತಾಳೆಯಾಯಿತು. ಡ್ರಮ್ಮಿನಿಂದ ಅರ್ಧ ನೀರು ಹೋಗಿದೆ. ಊರಿಗೆಲ್ಲ ನೀರು ನಿಂತ ಮೇಲೂ ನಮ್ಮ ನಲ್ಲಿ ಸುರಿದಿದೆ. ಅದೂ ಬೆಳ್ಳಗೆ. ಅಯ್ಯೋ ನನ್ನ ಶಿವನೇ, ರಿವರ್ಸ್ ಗೇರ್!

ಆ ಸಂಜೆ ನಾನು ಮುಚ್ಚುಮರೆ ಮಾಡಲಿಲ್ಲ. ಅತ್ತೆ, ಗಂಡ, ಭಾವ ಮೂವರೂ ಜಗಲಿಯ ಮೇಲೆ ಕೂತಿದ್ದಾಗ ಹೋಗಿ ಹೇಳಿಯೇಬಿಟ್ಟೆ.

“ಬಾವ, ನಿಮ್ ಡ್ರಮ್ಮಿನ್ ನೀರು ನಮ್ ನಲ್ಲೀಲಿ ಬತ್ತಾ ಅದೆ. ಮನೇಲಿ ಬಾಣಂತಿ ಅವ್ಳೆ, ಕೂಸದೆ. ಪೈಪ ಮ್ಯಾಕೆ ಕಟ್ಟಿ, ನಿಮ್ಮ ಕೈ ಮುಗೀತೀನಿ.”

ಭಾವ ನಗಲು ಹೋದರು, ನನ್ನ ಮುಖ ನೋಡಿ ನಿಲ್ಲಿಸಿದರು. “ಅಂಗೆಲ್ಲ ಆಗಕ್ಕಿಲ್ಲ ಕಣವ್ವ. ಆಯ್ತು ಬುಡು, ನೋಡ್ತೀನಿ,” ಎಂದರು. ಅತ್ತೆಗೆ ಮಾತ್ರ ಕಣ್ಣು ಕೆಂಪಾಯಿತು.

“ಇನ್ನೊಂದ್ ಕಿತಾ ಅಂಗಂದ್ರೆ ನಾಲ್ಗೆ ಸೀದೋಯ್ತದೆ ಕಣೇ. ನೀರ್ಗೆ ಇಷ ಆಕೋನಾ ನನ್ ಮಗ? ದಿನಾ ಅವ್ನ್ ಕೈಯ್ಯಾಗೇ ಕುಡೀತಿವ್ನಿ, ಸತ್ನಾ ನಾನು?”

“ಬಾವ ಆಕವ್ರೆ ಅಂತ ಎಲ್ಲಂದೆ ಅತ್ತೆ? ಅದು ತಾನಾಗೇ ಬತ್ತದೆ.”

“ಗಂಗವ್ವ ಯಾವತ್ತೂ ಇಂದಕ್ ಓಗಕ್ಕಿಲ್ಲ. ಮುಚ್ಚು ಬಾಯಿ.”

ನನ್ನ ಗಂಡ ಮಾರನೆಯ ದಿನ ಪಿರಿಯಾಪಟ್ಟಣಕ್ಕೆ ಹೋಗಿ ವಾಲ್ವು ತಂದರು. ಹಿತ್ತಾಳೆಯದು, ಮುಷ್ಟಿಯಷ್ಟು ಗಾತ್ರ, ಮೈಮೇಲೆ ಒಂದು ಬಾಣದ ಗುರುತು. ಬಾಯಲ್ಲಿ ಊದಿ ನೋಡಿದೆ. ಒಂದು ಕಡೆಯಿಂದ ಉಸಿರು ಹೋಯಿತು, ಇನ್ನೊಂದು ಕಡೆಯಿಂದ ಊದಿದರೆ ಟಕ್ಕೆಂದು ಮುಚ್ಚಿಕೊಂಡಿತು. ಎಷ್ಟು ಸಮಾಧಾನವಾಯಿತೆಂದರೆ ಕೂಸು ಆಟಿಕೆ ಊದಿದ ಹಾಗೆ ಮತ್ತೆ ಮತ್ತೆ ಊದಿದೆ. ಭಾವನ ಕಡೆಯ ಕವಲಿಗೆ ಇದನ್ನು ಹಾಕಿಬಿಟ್ಟರೆ ಅವರ ಡ್ರಮ್ಮಿನಲ್ಲಿ ಏನಿದ್ದರೂ ಈಚೆ ಬರುವುದಿಲ್ಲ.

ಹಾಕಬೇಕೆಂದರೆ ಗೋಡೆಯ ಬುಡ ಅಗೆಯಬೇಕು. ಗಂಡ ಗುದ್ದಲಿ ಹಿಡಿದು ಬರುವಷ್ಟರಲ್ಲಿ ಅತ್ತೆ ಆ ಜಾಗದಲ್ಲೇ ಕುಕ್ಕರಿಸಿ ಕೂತಿದ್ದರು.

“ಬಾಣಂತಿ ಕೂಸು ಇರೋ ಮನೇಲಿ ಅಂಗಳಕ್ಕೆ ಗುದ್ಲಿ ಆಕ್ದಾರಾ? ಗುಂಡಿ ತೋಡೋದು ಯಾತುಕ್ಕೆ ಅಂತ ಗೊತ್ತಿಲ್ವಾ ನಿಂಗೆ? ತೊಟ್ಲಿಗಾಕೋ ಗಂಟ ಮಣ್ಣು ಕೆದಕ್‌ಬ್ಯಾಡ. ಅಗೀಲೇಬೇಕು ಅಂದ್ರೆ ನನ್ನ ಮ್ಯಾಲೇ ಆಕು.”

ಗುಂಡಿಯ ಮಾತು ಬಂದ ಮೇಲೆ ನನ್ನ ಗಂಡನ ಕೈ ಏಳಲಿಲ್ಲ. ನನಗೂ, ನಿಜ ಹೇಳುತ್ತೇನೆ, ಒಳಗೊಳಗೇ ಅಳುಕಾಯಿತು. ಎಳೆಗೂಸು ಇರುವ ಮನೆ. ತೊಟ್ಟಿಲಿಗೆ ಹಾಕಿದ ಮಾರನೆಯ ದಿನವೇ ಅಗೆಯುವುದು ಎಂದಾಯಿತು. ವಾಲ್ವನ್ನು ಗಂಡ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲ ಪಕ್ಕ ಇಟ್ಟರು. ದಿನಾ ದೀಪ ಹಚ್ಚುವಾಗ ನನ್ನ ಕಣ್ಣು ದೇವರಿಗಿಂತ ಮೊದಲು ಅದರ ಮೇಲೆ ಬೀಳುತ್ತಿತ್ತು.

ಅಲ್ಲಿಯ ತನಕ ನಲ್ಲಿಯ ಒಂದು ಹನಿಯನ್ನೂ ಮಗಳ ಬಾಯಿಗೆ ಬಿಡಲಿಲ್ಲ. ಶಾಲೆಯ ಹತ್ತಿರದ ಕೈಪಂಪಿನಿಂದ ಬಿಂದಿಗೆ ಹೊತ್ತೆ. ಕೂಸಿನ ಸ್ನಾನಕ್ಕೂ ಅದೇ. ಬೀದಿಯ ಹೆಂಗಸರು, ಮನೆಯಲ್ಲೇ ನಲ್ಲಿ ಇಟ್ಟುಕೊಂಡು ಇದೇನೇ ನಿನ್ನ ಗ್ರಹಚಾರ ಎಂದು ಆಡಿಕೊಂಡರು. ಅತ್ತೆಗೂ ಕೈಪಂಪಿನ ನೀರೇ ಕೊಡುತ್ತಿದ್ದೆ. ಅವರು ಮುಖ ತಿರುಗಿಸಿ, ದೊಡ್ಡ ಮಗ ನಲ್ಲಿಯಲ್ಲಿ ತುಂಬಿಕೊಟ್ಟದ್ದನ್ನು ಕುಡಿಯುತ್ತಿದ್ದರು.

ನನಗಿದ್ದ ಭಯ ಒಂದೇ. ಗಂಗೆ ಪೂಜೆಯ ದಿನ ಏನು ಮಾಡುವುದು? ಕೈಪಂಪಿಗೇ ಪೂಜೆ ಮಾಡೋಣ ಅತ್ತೆ ಎಂದು ಕೇಳಿದೆ.

“ಮನೆ ಗಂಗೆ ಬುಟ್ಟು ಬೀದಿ ಗಂಗೆಗೆ ಅರಿಶಿನ ಇಕ್ಕು ಅಂತೀಯಾ? ಏನ್ ಕಾಲ ಬಂತಪ್ಪ!” ಎಂದು ಅತ್ತೆ ನಶ್ಯದ ಡಬ್ಬಿ ತೆಗೆದರು. ಜನ್ಮವಿಡೀ ನಶ್ಯ ಏರಿಸಿ ಅವರ ಮೂಗು ಸತ್ತು ಎಷ್ಟೋ ಕಾಲವಾಗಿತ್ತು. ಸಾರು ಸೀದರೂ ಗೊತ್ತಾಗುತ್ತಿರಲಿಲ್ಲ.

ಆ ದಿನ ಬಂತು. ಸಾಲಿಗ್ರಾಮದಿಂದ ಬೀಗರು ಬಂದರು. ಅಂಗಳಕ್ಕೆ ಚಪ್ಪರ, ಒಳಗೆ ತೊಟ್ಟಿಲು. ಬೆಳಿಗ್ಗೆ ನೀರು ಬರುತ್ತಿತ್ತು. ನಾನು ನಲ್ಲಿ ತಿರುಗಿಸಿ ಹತ್ತು ಸಲ ನೋಡಿದೆ, ತಿಳಿಯಾಗಿಯೇ ಇತ್ತು. ಭಾವನ ಡ್ರಮ್ಮಿನ ಕಡೆ ಇಣುಕಿದೆ, ಖಾಲಿ. ಮೊಮ್ಮಗಳ ಶುಭಕಾರ್ಯದ ದಿನ ಔಷಧಿ ಮುಟ್ಟುವುದಿಲ್ಲ ಎಂದುಕೊಂಡು ಅಡುಗೆ ಮನೆಗೆ ಹೋದೆ. ಆದರೆ ಸಸಿಗೆ ಹುಳ ಬಿದ್ದಿತ್ತಂತೆ. ಬಿಸಿಲು ಏರುವ ಮುಂಚೆ ಹೊಡೆದು ಬರೋಣವೆಂದು ಭಾವ ಡಬ್ಬ ಸುರಿದು, ಪೈಪು ಇಳಿಬಿಟ್ಟಿದ್ದಾರೆ. ಡ್ರಮ್ಮು ತುಂಬುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿದೆ. ಬೀಗರು ಬಂದರು ಎಂದು ಯಾರೋ ಕೂಗಿದ್ದಾರೆ. ತಿರುಪನ್ನೂ ಮುಚ್ಚದೆ, ಪೈಪನ್ನೂ ಎತ್ತದೆ, ಕೈ ತೊಳೆದುಕೊಂಡು ಹೊಸ ಪಂಚೆ ಉಟ್ಟು ನಮ್ಮ ಚಪ್ಪರಕ್ಕೆ ಬಂದಿದ್ದಾರೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಕರೆಂಟು ಹೋದದ್ದು ಗೊತ್ತಾಗಿ ನಾನು ಹಿಗ್ಗಿದೆ. ಬೀದಿಯಲ್ಲಿ ಹೆಂಗಸರು, ನಲ್ಲಿ ನಿಂತೋಯ್ತು, ನಮ್ಮನೇಲೂ ಇಲ್ಲ, ನಿಮ್ಮನೇಲೂ ಇಲ್ಲ ಎಂದು ಗೊಣಗುತ್ತಿದ್ದರು. ಸದ್ಯ, ದೇವರೇ ದಾರಿ ತೋರಿಸಿದ ಎಂದುಕೊಂಡೆ. ಡ್ರಮ್ಮೂ ಖಾಲಿ, ನಲ್ಲಿಯಲ್ಲೂ ನೀರಿಲ್ಲದ ಮೇಲೆ ಅತ್ತೆಗೂ ಕೈಪಂಪೇ ಗತಿ. ನಿಶ್ಚಿಂತೆಯಿಂದ ಕಜ್ಜಾಯದ ಬಾಣಲೆ ಇಟ್ಟೆ.

ಮೊದಲ ಕಜ್ಜಾಯ ಉಬ್ಬಿ ಮೇಲೆ ಬರುವಾಗ ಅಂಗಳದಿಂದ ಅತ್ತೆಯ ದನಿ ಕೇಳಿತು.

“ಬಂದ್ಲು! ಗಂಗವ್ವ ಬಂದ್ಲು ಕಣ್ರವ್ವೋ! ಊರಿಗೆಲ್ಲ ಇಲ್ದೋಳು ನನ್ ಮರಿಮಗ್ಳಿಗೆ ಬಂದ್ಲು ನೋಡ್ರವ್ವಾ!”

ಹೆಂಗಸರು ಸೋಬಾನೆ ಎತ್ತಿದರು. ಜಾಗಟೆ ಬಾರಿಸಿದರು. ನನ್ನ ಕೈಯಲ್ಲಿದ್ದ ಜಾಲರಿ ಎಣ್ಣೆಗೆ ಬಿತ್ತು. ಊರಿಗೆಲ್ಲ ಇಲ್ಲ, ನಮಗೆ ಬಂತು. ಎಲ್ಲಿಂದ ಬಂತು?

ಹೊರಗೆ ಓಡಿದೆ. ಸಾಂಬ್ರಾಣಿ ಹೊಗೆಯಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ನಲ್ಲಿಗೆ ಸೇವಂತಿಗೆ, ಕುಂಕುಮ. ಅತ್ತೆ ಒಂದು ಕೈಯಲ್ಲಿ ತಿರುಪು ಹಿಡಿದು ನಿಂತಿದ್ದರು, ಮುಖ ಅರಳಿತ್ತು. ಅಷ್ಟು ಸಂತೋಷ ನಾನು ಅವರ ಮುಖದಲ್ಲಿ ಕಂಡದ್ದೇ ಇಲ್ಲ. ನೀರು ಎಳೆಯಾಗಿ, ಸದ್ದಿಲ್ಲದೆ ಸುರಿಯುತ್ತಿತ್ತು. ಮಗಳ ಕೈಯಲ್ಲಿ ತುಂಬಿದ ಚೊಂಬು. ಒಳಗೆ ಅರಿಶಿನ ಹಾಕಿದ್ದರಿಂದ ಬಣ್ಣ ತಿಳಿಯುವ ಹಾಗಿರಲಿಲ್ಲ. ಬೀಗಿತ್ತಿಯ ತೋಳಲ್ಲಿ ಕೂಸು. ಮಗಳು ಚೊಂಬನ್ನು ಬಾಯಿಗೆ ಎತ್ತುತ್ತಿದ್ದಳು.

“ಕುಡೀಬ್ಯಾಡ ಮಗಾ!” ಎಂದು ಕಿರುಚಿ ಚೊಂಬು ಕಿತ್ತುಕೊಂಡು ಚೆಲ್ಲಿದೆ.

ಸೋಬಾನೆ ನಿಂತುಹೋಯಿತು. ಗಂಗೆಯ ಮೊದಲ ನೀರು ನೆಲದ ಮೇಲೆ ಹರಿಯುತ್ತಿತ್ತು. ಬೀಗಿತ್ತಿ ಕೂಸನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ನನಗೆ ದೆವ್ವ ಮೆಟ್ಟಿದೆ ಎಂದುಕೊಂಡಿರಬೇಕು.

“ಕರೆಂಟಿಲ್ಲ, ಟ್ಯಾಂಕು ನಿಂತದೆ, ಇದೆಲ್ಲಿ ನೀರು ಅಂತ ಒಬ್ರಾದ್ರೂ ಕೇಳ್ಬಾರ್ದಾ? ಇದು ಡ್ರಮ್ಮಿನ್ ನೀರು ಕಣ್ರೀ!”

ಬೀಗರ ಮುಂದೆ, ಬೀದಿಯವರ ಮುಂದೆ, ಅತ್ತೆಯ ಗಂಗೆಯನ್ನು, ಅವರ ಮಗನನ್ನು ನಾನು ಒಟ್ಟಿಗೇ ನೆಲಕ್ಕೆ ಚೆಲ್ಲಿದ್ದೆ. ಅತ್ತೆ ನನ್ನ ಕೈಯಿಂದ ಖಾಲಿ ಚೊಂಬು ತೆಗೆದುಕೊಂಡು ಪಕ್ಕದಲ್ಲಿದ್ದ ಭಾವನ ಕಡೆ ಚಾಚಿದರು.

“ತುಂಬ್ಸು ಮಗ. ನೀ ಕೊಡು, ನಾ ಕುಡೀತೀನಿ. ಎಲ್ರೂ ನೋಡ್ಲಿ.”

“ಬ್ಯಾಡಿ ಅತ್ತೆ! ಬಾವ, ಕೊಡ್‌ಬ್ಯಾಡಿ!”

ನಾನು ಮುನ್ನುಗ್ಗಿದೆ. ನನ್ನ ಗಂಡ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಇಷ್ಟು ಜನರ ಮುಂದೆ ಇದೇನು ಮಾನ ಕಳೆಯುತ್ತೀಯ ಎಂದು ಹಲ್ಲು ಕಚ್ಚಿಕೊಂಡು ಅಂದರು. ಭಾವ ಒಂದು ಗಳಿಗೆ ತಡೆದರು. ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು. ಪೈಪು ಎಲ್ಲಿ ಬಿಟ್ಟು ಬಂದಿದ್ದೇನೆ ಎನ್ನುವುದು ಆಗ ಅವರ ತಲೆಗೆ ಬಂತೋ ಇಲ್ಲವೋ, ದೇವರಿಗೇ ಗೊತ್ತು. ಬಗ್ಗಿ ಚೊಂಬು ತುಂಬಿ ಕೊಟ್ಟರು. ಅತ್ತೆ ದಿನಾ ಕುಡಿಯುವ ಹಾಗೆಯೇ ಕಣ್ಣು ಮುಚ್ಚಿಕೊಂಡು, ತಲೆ ಎತ್ತಿ, ಗಟಗಟ ಕುಡಿದರು. ಕೊನೆಯ ತೊಟ್ಟಿನ ತನಕ ಕುಡಿದು ಚೊಂಬನ್ನು ಬೋರಲು ಮಾಡಿ ಎಲ್ಲರಿಗೂ ತೋರಿಸಿದರು.

ಆಗ ಗೋಡೆಯ ಆಚೆಯಿಂದ ಅಕ್ಕನ ದನಿ ಬಂತು. ತೊಟ್ಟಿಲಿಗೆ ಹಾಸುವ ಸೀರೆ ತರಲೆಂದು ಮನೆಗೆ ಹೋಗಿದ್ದವರು.

“ಏನೂಂದ್ರೇ, ಬನ್ನಿ ಇಲ್ಲಿ! ಡ್ರಮ್ಮು ಮತ್ತೆ ಇಳೀತಾ ಅದೆ! ಯಾರೂ ಮುಟ್ಟಿಲ್ಲ, ನನ್ ಕಣ್ಣ ಮುಂದೆ ತಾನಾಗೇ ಇಳೀತಾ ಅದೆ!”

ನಲ್ಲಿ ಇನ್ನೂ ಸುರಿಯುತ್ತಿತ್ತು. ಅತ್ತೆ ಕಣ್ಣು ಬಿಟ್ಟು ದೊಡ್ಡ ಮಗನ ಮುಖ ನೋಡಿದರು. ಭಾವ ತಾಯಿಯ ಕೈಯಿಂದ ಚೊಂಬು ಕಿತ್ತುಕೊಂಡರು.

“ಅವ್ವಾ, ಉಗೀ. ಉಗೀ ಅವ್ವಾ,” ಎಂದರು. ಕುಡಿದದ್ದನ್ನು ಹೇಗೆ ಉಗಿಯುವುದು?

ಬೀಗರ ಕಾರಿನಲ್ಲೇ ಪಿರಿಯಾಪಟ್ಟಣದ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲೇ ಅತ್ತೆಗೆ ಬೆವರು ಕಿತ್ತುಕೊಂಡಿತು. ಬಾಯಿಂದ ಜೊಲ್ಲು ನಿಲ್ಲದೆ ಸುರಿಯಿತು, ಕೈ ಅದುರತೊಡಗಿತು. ನನ್ನ ಸೆರಗಲ್ಲಿ ಒರೆಸಿದಷ್ಟೂ ಬಂತು. ತಲೆ ನನ್ನ ತೊಡೆಯ ಮೇಲಿತ್ತು, ಕೈ ಮಾತ್ರ ಮುಂದಿನ ಸೀಟಿನಲ್ಲಿದ್ದ ಮಗನ ಹೆಗಲು ಹುಡುಕುತ್ತಿತ್ತು. ಡಾಕ್ಟರು ಯಾವ ಔಷಧಿ, ಡಬ್ಬ ತಂದಿದ್ದೀರಾ ಎಂದು ಕೇಳಿದರು. ಭಾವ ಹೊಸ ಪಂಚೆಯ ಮಡಿಲಲ್ಲಿ ಇಟ್ಟುಕೊಂಡು ತಂದಿದ್ದರು. ಅಲ್ಲಿಂದ ಮೈಸೂರಿಗೆ ಕಳಿಸಿದರು. ಅಲ್ಲಿ ಪೊಲೀಸಿನವರು ಬಂದು ಕುಡಿಸಿದ್ದು ಯಾರು ಎಂದರು.

“ನಾನೇ ಸಾ. ನನ್ ಕೈಯಾರೆ,” ಎಂದರು ಭಾವ.

ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದ ಮುದುಕಿ ಬದುಕುತ್ತಾಳಾ ಎಂದು ಊರಲ್ಲಿ ಆಗಲೇ ಆಡಿಕೊಂಡರಂತೆ. ಪಾಲಿನ ಜಮೀನಿಗಾಗಿ ಮಗನೇ ಹಾಕಿದ ಎಂದವರು ಕೆಲ ಜನ. ಶುಭಕಾರ್ಯದಲ್ಲಿ ಸೊಸೆ ಕೆಟ್ಟ ಬಾಯಿ ಬಿಟ್ಟಳು, ಅದಕ್ಕೇ ಹೀಗಾಯಿತು ಎಂದವರು ಇನ್ನು ಕೆಲವರು. ಥೂ, ಈ ಬಾಯಿಗಳಿಗೆ ವಾಲ್ವು ಹಾಕುವವರು ಯಾರು? ನೀರು ಹಿಂದಕ್ಕೆ ಬಂತು ಎಂದು ಒಬ್ಬರೂ ಹೇಳಲಿಲ್ಲ. ಅಷ್ಟು ಸರಳವಾದ ಮಾತು ಯಾರಿಗೂ ರುಚಿಸಲಿಲ್ಲ.

ಅತ್ತೆ ಬದುಕಿದರು. ನೀರು ಬೆರೆತು ತೆಳ್ಳಗಾಗಿತ್ತು, ಬೇಗ ತಂದಿರಿ, ಅದಕ್ಕೇ ಉಳಿದರು ಎಂದರು ಡಾಕ್ಟರು. ಎಳೆಗೂಸಿಗಾಗಿದ್ದರೆ ಎಂದು ನಾನು ಕೇಳಿದೆ. ಅವರು ಮುಂದಿನ ಮಂಚಕ್ಕೆ ಹೋದರು. ಪೊಲೀಸಿನವರಿಗೆ ಅತ್ತೆಯೇ, ನನ್ ಮಗಂದೇನೂ ತಪ್ಪಿಲ್ಲ, ನಾನೇ ಕೇಳಿ ಈಸ್ಕಂಡು ಕುಡ್ದೆ ಎಂದು ಹೇಳಿ ಕಳಿಸಿದರು. ಬೀಗರು ಹೆಸರಿಡುವುದನ್ನು ಸಾಲಿಗ್ರಾಮದಲ್ಲೇ ಮುಗಿಸಿಕೊಂಡರು. ಮಗಳು ಈಗ ಬಂದರೂ ಕೂಸಿನ ನೀರನ್ನು ಅಲ್ಲಿಂದಲೇ ತರುತ್ತಾಳೆ. ನಾನು ಬೇಡ ಎನ್ನುವುದಿಲ್ಲ.

ವಾಲ್ವು ಹಾಕಿಸಿದೆವು. ಗೋಡೆಯ ಬುಡವನ್ನು ಭಾವನೇ ಅಗೆದರು, ಯಾರ ಕೈಗೂ ಗುದ್ದಲಿ ಕೊಡಲಿಲ್ಲ. ಅವರ ಡ್ರಮ್ಮಿನ ಮೇಲೆ ಈಗ ಒಂದು ಕವೆಗೋಲು ನೆಟ್ಟು ಪೈಪನ್ನು ಅದಕ್ಕೆ ಎತ್ತಿ ಕಟ್ಟಿದ್ದಾರೆ. ಔಷಧಿಯನ್ನು ಕೋಲಿನಿಂದ ಕಲಕುತ್ತಾರೆ. ಉಳಿದ ಬೀದಿ ಮೊದಲು ಹೇಗಿತ್ತೋ ಹಾಗೇ ಇದೆ. ಮೊನ್ನೆಯೂ ಮೇಲಿನ ಬೀದಿಯಲ್ಲಿ ಒಂದು ಪೈಪು ಡ್ರಮ್ಮಿನ ತಳಕ್ಕೆ ಇಳಿಬಿದ್ದದ್ದನ್ನು ಕಂಡು ಬೈದು ಬಂದೆ. ಆಯ್ತು ಬುಡಕ್ಕಾ, ನೋಡ್ತೀವಿ ಎಂದರು.

ಅತ್ತೆ ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ ಭಾವ ಎಂದಿನಂತೆ ಗೋಡೆ ಬಳಸಿ ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ. ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನಲ್ಲಿಯನ್ನು ಎಷ್ಟೋ ಹೊತ್ತು ಹರಿಯಬಿಟ್ಟು, ತುಂಬಿಕೊಂಡು ಬಂದು ತಾಯಿಯ ಮುಂದೆ ಕೂತರು. ಅತ್ತೆ ಕೈ ಚಾಚಲಿಲ್ಲ. ಚೊಂಬಿನೊಳಗೆ ಇಣುಕಿದರು. ಸತ್ತ ಮೂಗನ್ನು ಅದರ ಬಾಯಿಗೆ ಒಡ್ಡಿ ಮೂಸಿದರು.

“ಎಲ್ಲೀ ನೀರ್ಲಾ ಇದು?”

“ನಲ್ಲೀದೇ ಕಣವ್ವ. ವಾಲ್ವ್ ಆಕಿವ್ನಿ.”

“ನೀ ಮೊದ್ಲು ಕುಡಿ.”

ಭಾವನ ಮುಖದಲ್ಲಿ ರಕ್ತ ಇಳಿದುಹೋಯಿತು. ಒಲೆಯ ಮುಂದೆ ಕೂತಿದ್ದ ನನಗೆ ಗೆದ್ದೆ ಎನಿಸಬೇಕಿತ್ತು. ಎನಿಸಲಿಲ್ಲ. ಅವರು ಚೊಂಬೆತ್ತಿ ಅರ್ಧ ಕುಡಿದರು. ಅತ್ತೆ ಕಣ್ಣು ಮುಚ್ಚಲಿಲ್ಲ. ಮಗನ ಗಂಟಲು ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಿದ್ದರು. ಕುಡಿದಾದ ಮೇಲೂ ಕೈ ಚಾಚಲಿಲ್ಲ. ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಮುಚ್ಚಳ ಹಾಕಿ, ಮಡಿಲಲ್ಲಿಟ್ಟುಕೊಂಡು ಅವರ ಮುಖವನ್ನೇ ನೋಡುತ್ತ ಕೂತರು. ಮಗನಿಗೆ ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಚೊಂಬು ಈಸಿಕೊಂಡರು.

ಈಗಲೂ ದಿನಾ ಹಾಗೆಯೇ. ಭಾವ ಬರುತ್ತಾರೆ, ಹೇಳಿಸಿಕೊಳ್ಳದೆ ತಾವೇ ಮೊದಲು ಕುಡಿಯುತ್ತಾರೆ, ಆಮೇಲೆ ತಲೆ ಬಗ್ಗಿಸಿ ಕಾಯುತ್ತಾರೆ.